ಬೂಟಿನ ಮರಳು

ಫೆಬ್ರವರಿ 2

ಅತ್ತೆ,

ಬಂದು ತಲುಪಿದೆ, ಬಟ್ಟೆ ಮಡಚಿಟ್ಟೆ, ಎರಡು ಪಂದ್ಯ ಸೋತೆ. ಈ ಮೂರರಲ್ಲಿ ಅಮ್ಮನಿಗೆ ಹೇಳುವಂಥದ್ದು ಬಟ್ಟೆಯ ವಿಷಯ ಒಂದೇ. ಫೋನುಗಳನ್ನೆಲ್ಲ ಬಾಗಿಲಲ್ಲೇ ಒಂದು ಬುಟ್ಟಿಗೆ ಹಾಕಿಸಿಕೊಂಡರು, ಎಂಟು ವಾರ ಕಳೆದ ಮೇಲೇ ವಾಪಸು. "ಮನೆಗೆ ಏನಾದ್ರೂ ಹೇಳ್ಬೇಕಾ? ಕೈ ಇದೆ, ಕಾಗದ ಇದೆ" ಅಂದರು ನಮ್ಮ ತರಬೇತುದಾರರು. ಅವರು ಮಾತಾಡುವುದಕ್ಕಿಂತ ಸೀಟಿ ಊದುವುದೇ ಹೆಚ್ಚು. ಎಲ್ಲರೂ ಅವರನ್ನು ಸೀಟಿ ಅಂತಲೇ ಕರೆಯುತ್ತಾರೆ, ಎದುರಿಗಲ್ಲ.

ಹತ್ತು ಜನ ಇದ್ದೇವೆ. ಕೊನೆಯಲ್ಲಿ ತಂಡಕ್ಕೆ ಉಳಿಯುವುದು ನಾಲ್ವರು. ಮುಂದಿನ ವರ್ಷಕ್ಕೆ ನನ್ನ ವಯಸ್ಸು ಮೀರುತ್ತದೆ, ಆದ್ದರಿಂದ ಇದೇ ಮೊದಲು, ಇದೇ ಕೊನೆ. ಇದನ್ನು ದಿನಕ್ಕೆ ನಲವತ್ತು ಸಲ ನೆನೆಸಿಕೊಳ್ಳುತ್ತೇನೆ.

ನನಗೆ ಜೋಡಿಯಾಗಿ ಸಿಕ್ಕಿರುವವಳು ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಿಯೇ ಒಳಗೆ ಬರುವವಳು. ಹೆಸರಿಟ್ಟಾಯಿತು, ಉದ್ದಕ್ಕ. ಒಳ್ಳೆಯವಳು, ನನ್ನ ಗೊರಕೆಯನ್ನೂ ಸಹಿಸಿಕೊಂಡಿದ್ದಾಳೆ. ತೊಂದರೆ ಇರುವುದು ನನ್ನಲ್ಲಿ. ಟೆನಿಸ್ಸಿನಂತಲ್ಲವಲ್ಲ ನಮ್ಮ ಆಟ, ಸುತ್ತ ಗಾಜು. ಎದುರಿನ ಇಬ್ಬರೂ ಸರ್ವ್ ಮಾಡಿ ನೆಟ್ಟಿಗೆ ಬಂದು ಅಂಟಿಕೊಂಡಾಗ, ನಾವು ಹಿಂದಿನ ಗಾಜಿನ ಗೋಡೆಯ ಹತ್ತಿರದಿಂದ ಸರ್ವ್ ವಾಪಸು ಮಾಡಬೇಕು. ನನಗೆ ಬರುವುದು ಎರಡೇ ಹೊಡೆತ. ಒಂದು, ಅವರ ತಲೆಯ ಮೇಲೆ ಎತ್ತರಕ್ಕೆ ಕಳಿಸುವುದು. ಇನ್ನೊಂದು, ಅವರ ಕಾಲ ಬುಡಕ್ಕೆ ಮೆತ್ತಗೆ ಇಳಿಸುವುದು. ಯಾವುದು ಬರುತ್ತದೆ ಅಂತ ನಾನು ಹೊಡೆಯುವ ಮೊದಲೇ ಅವರಿಗೆ ಗೊತ್ತಾಗುತ್ತದೆ. "ನಿನ್ ಚೆಂಡು ಎಲ್ಲಿಗೆ ಹೋಗುತ್ತೆ ಅಂತ ನನ್ನ ಮೊಮ್ಮಗಳೂ ಹೇಳ್ತಾಳೆ, ಅವಳಿಗೆ ನಾಲ್ಕು ವರ್ಷ" ಅಂದರು ಸೀಟಿ. ಎಲ್ಲರೂ ನಕ್ಕರು. ನಾನೂ ನಕ್ಕು, ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ನೀನು ಆಡುವ ಕಾಲದಲ್ಲಿ ನಿನ್ನ ಹೊಡೆತವನ್ನು ಯಾರಿಗೂ ಊಹಿಸಲಾಗುತ್ತಿರಲಿಲ್ಲವಂತೆ, ಅಮ್ಮನೇ ಹೇಳಿದ್ದು. ಏನು ಮಾಡುತ್ತಿದ್ದೆ? ಬೇಗ ಬರಿ.

ಗುಬ್ಬಿ


ಫೆಬ್ರವರಿ 9

ಗುಬ್ಬೀ,

ನಿನ್ನ ಮುಖ ತೆರೆದ ಕಿಟಕಿ. ಚಿಕ್ಕಂದಿನಲ್ಲಿ ಬಿಸ್ಕತ್ತು ಕದ್ದರೆ ಅರ್ಧ ಗಂಟೆ ಡಬ್ಬಿಯ ಕಡೆಗೇ ನೋಡುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ ನೀನು. ಹೊಡೆಯುವ ಜಾಗವನ್ನು ಮೊದಲೇ ನೋಡುತ್ತೀಯ, ಆಮೇಲೆ ಹೊಡೆಯುತ್ತೀಯ. ಕಣ್ಣಿನ ವಿಷಯ ನನಗೆ ಬಿಡು, ಕನ್ನಡಕದ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಬೇರೆಯವರ ಕಣ್ಣನ್ನೇ ನೋಡುತ್ತಾ ಕೂತಿದ್ದೇನೆ. ನಿನ್ನೆ ಒಬ್ಬ ಲಾರಿ ಚಾಲಕ ಬಂದ. ಗೋಡೆಯ ಮೇಲಿನ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ, ಕೊನೆಯ ಸಾಲನ್ನೂ ಗಡಗಡ ಒಪ್ಪಿಸಿದ. ನಾನು ಪಟ್ಟಿಯನ್ನೇ ಬದಲಾಯಿಸಿಬಿಟ್ಟಿದ್ದೆ.

ಈಗ ಕೇಳು. ಎರಡು ಹೊಡೆತಕ್ಕೂ ಒಂದೇ ತಯಾರಿ ಇರಲಿ. ಮೊಣಕಾಲು ಬಾಗಲಿ, ಕೈ ಕೆಳಗಿರಲಿ, ಬ್ಯಾಟಿನ ಮುಖ ಆಕಾಶ ನೋಡಲಿ. ಅವಸರ ಬೇಡ, ಚೆಂಡು ಹಿಂದಿನ ಗಾಜಿಗೆ ಬಡಿದು ನಿನ್ನ ಹತ್ತಿರ ತಾನಾಗಿಯೇ ಬರುತ್ತದೆ. ಆಮೇಲೆ ಗಲ್ಲ ಎತ್ತಿ ಎದುರಿನವಳ ತಲೆಯ ಮೇಲಿನ ಖಾಲಿ ಜಾಗವನ್ನು ಒಂದು ಸಲ ನೋಡು. ಅಲ್ಲಿಗೇ ಕಳಿಸುವವಳಂತೆ, ಮನಸ್ಸಿಟ್ಟು ನೋಡಬೇಕು. ಅವಳು ನಂಬಿ ಹಿಂದೆ ಸರಿಯಲು ಹಿಮ್ಮಡಿ ಎತ್ತುತ್ತಾಳೆ. ಹಿಮ್ಮಡಿ ಎದ್ದಿತೋ, ಮಣಿಕಟ್ಟು ಗಟ್ಟಿ ಮಾಡಿ ಚೆಂಡನ್ನು ಅವಳ ಕಾಲ ಬುಡಕ್ಕೆ ಇಳಿಸು. ಬಾಗುವಷ್ಟರಲ್ಲಿ ಅವಳ ಕಥೆ ಮುಗಿದಿರುತ್ತದೆ.

ನಿನ್ನಮ್ಮ ಆರಾಮವಾಗಿದ್ದಾಳೆ. ಶಾಲೆಯ ಗ್ರಂಥಾಲಯದಲ್ಲಿ ಹೊಸ ಕಪಾಟು ಬಂದಿದೆ, ಅದರ ಮೂಲೆ ಅವಳ ಎಡಗಡೆಗೇ ಇದೆ, ಎರಡು ಸಲ ಹಣೆ ತಗುಲಿಸಿಕೊಂಡಳು. ಆ ಎಡಗಣ್ಣಿಗೆ ಬೆಳಕು ಬಿಟ್ಟರೆ ಬೇರೇನೂ ಕಾಣದು ಅನ್ನುವುದನ್ನು ಅವಳೂ ಮರೆಯುತ್ತಾಳೆ, ಕಪಾಟೂ ಮರೆಯುತ್ತದೆ. ಸಂಜೆ ನಡೆಯಲು ಹೋದಾಗ ಎಂದಿನಂತೆ ನಾನು ಅವಳ ಎಡಕ್ಕೆ.

ಈ ಪಾಠದ ವಿಷಯ ಅವಳಿಗೆ ಬರೆಯಬೇಡ.

ಅತ್ತೆ


ಫೆಬ್ರವರಿ 20

ಅತ್ತೇ ಅತ್ತೇ,

ಬಂತು! ಐದಾರು ದಿನ ಕನ್ನಡಿಯ ಮುಂದೆ ಸುಳ್ಳು ನೋಟ ಅಭ್ಯಾಸ ಮಾಡಿದೆ. ಉದ್ದಕ್ಕ ನನಗೇನೋ ಗಾಳಿ ಹಿಡಿದಿದೆ ಅಂದುಕೊಂಡಳು. ಮೊನ್ನೆಯ ಪಂದ್ಯದಲ್ಲಿ ಐದು ಸಲ ಮಾಡಿದೆ, ನಾಲ್ಕು ಸಲ ನಡೆಯಿತು. ಎದುರಿನವಳು ಹಿಂದಕ್ಕೆ ಓಡಿದಳು, ಚೆಂಡು ಅವಳು ಬಿಟ್ಟುಹೋದ ಜಾಗದಲ್ಲಿ ಕೂತುಕೊಂಡಿತು. ಸೀಟಿ ಸೀಟಿಯನ್ನೇ ಬಾಯಿಂದ ತೆಗೆದು, "ಇದನ್ನ ಯಾರು ಹೇಳ್ಕೊಟ್ರು?" ಅಂತ ಕೇಳಿದರು. ಕನ್ನಡಕದ ಅಂಗಡಿಯವರು ಅಂದೆ.

ಇನ್ನೂ ಮಜಾ ಕೇಳು. ಉದ್ದಕ್ಕನಿಗೂ ಗೊತ್ತಾಗಲಿಲ್ಲ! ನಾನು ಮೇಲೆ ನೋಡಿದ ಕೂಡಲೇ ಚೆಂಡು ಎತ್ತರಕ್ಕೇ ಹೋಗುತ್ತದೆ ಅಂದುಕೊಂಡು ಅವಳು ನೆಟ್ಟಿನ ಕಡೆ ಓಡುತ್ತಾಳೆ. ಅವಳ ಓಟ ನೋಡಿ ಎದುರಿನವರು ಇನ್ನೂ ಗಟ್ಟಿಯಾಗಿ ನಂಬುತ್ತಾರೆ. ನನ್ನ ಕಣ್ಣಿಗಿಂತ ಅವಳ ಕಾಲೇ ದೊಡ್ಡ ಸುಳ್ಳು ಹೇಳುತ್ತದೆ. ಅವಳಿಗೆ ಮೊದಲೇ ಹೇಳಿಬಿಟ್ಟರೆ ಈ ಓಟ ಸಿಗುವುದಿಲ್ಲ ಅಲ್ಲವಾ? ಅದಕ್ಕೇ ಹೇಳಿಲ್ಲ.

ನೀನೂ ಅಮ್ಮನೂ ಜೋಡಿಯಾಗಿ ಆಡುವಾಗ ಅಮ್ಮನಿಗೆ ಗೊತ್ತಿರುತ್ತಿತ್ತಾ? ಮರೆಯದೆ ಬರಿ, ಇದೊಂದು ಗೊತ್ತಾಗಬೇಕು.

ಗುಬ್ಬಿ


ಫೆಬ್ರವರಿ 27

ಗುಬ್ಬಿ,

ಐದರಲ್ಲಿ ನಾಲ್ಕು, ಭೇಷ್.

ಇಲ್ಲಿ ಮಸೂರ ಅರೆಯುವ ಯಂತ್ರ ಕೆಟ್ಟಿದೆ. ಕಲ್ಲು ಸವೆದಿದೆಯೋ, ನೀರು ಸರಿಯಾಗಿ ಬೀಳುತ್ತಿಲ್ಲವೋ ತಿಳಿಯದು, ಅಂಚು ಚೂರು ಚೂರಾಗಿ ಏಳುತ್ತಿದೆ. ಮೂರು ಜೋಡಿ ಹಾಳಾದವು. ಅದರಲ್ಲೊಂದು ಸಂಗೀತ ಮೇಷ್ಟರದು, ಅವರು ದಿನಾ ಬಂದು ಬಾಗಿಲಲ್ಲಿ ನಿಂತು ಕೆಮ್ಮಿ ಹೋಗುತ್ತಾರೆ. ಬಾಯಿ ಬಿಟ್ಟು ಕೇಳುವುದಿಲ್ಲ, ಅದೇ ಹಿಂಸೆ. ರಿಪೇರಿಯವನು ಮಂಗಳವಾರ ಅಂದ. ಯಾವ ಮಂಗಳವಾರ ಅಂತ ನಾನೂ ಕೇಳಲಿಲ್ಲ. ನಿನ್ನಮ್ಮ ಕಿಟಕಿಗೆ ಹೊಸ ಪರದೆ ಹಾಕಿಸಿದ್ದಾಳೆ, ಹಸಿರು, ಚೆನ್ನಾಗಿಲ್ಲ, ಚೆನ್ನಾಗಿದೆ ಅಂದಿದ್ದೇನೆ.

ನೀನು ಕೇಳಿದ್ದಕ್ಕೆ ಬರೆಯಬೇಕು. ಈಗ ಗಿರಾಕಿ ಬಂದರು.

ಅತ್ತೆ


ಮಾರ್ಚ್ 8

ಪ್ರೀತಿಯ ಅತ್ತೆ,

ನಾನು ಕ್ಷೇಮವಾಗಿದ್ದೇನೆ. ಇಲ್ಲಿ ಎಲ್ಲವೂ ಚೆನ್ನಾಗಿ ನಡೆಯುತ್ತಿದೆ. ಹವೆ ಹಿತವಾಗಿದೆ. ಊಟ ಪರವಾಗಿಲ್ಲ. ಬೆಳಿಗ್ಗೆ ಓಟ, ಆಮೇಲೆ ಆಟ, ಮಧ್ಯಾಹ್ನ ವಿಶ್ರಾಂತಿ, ಮತ್ತೆ ಆಟ. ನಾನು ಚೆನ್ನಾಗಿ ಆಡುತ್ತಿದ್ದೇನೆ ಎಂದು ಸೀಟಿ ಹೇಳಿದರು. ತಂಡಕ್ಕೆ ಉಳಿಯುವ ನಾಲ್ವರಲ್ಲಿ ನಾನಿರುವ ಸಂಭವ ಹೆಚ್ಚು.

ಯಂತ್ರ ರಿಪೇರಿ ಆಗಿರಬೇಕು ಎಂದುಕೊಂಡಿದ್ದೇನೆ. ಅಮ್ಮನಿಗೆ ನೆನಪು ತಿಳಿಸು.

ಗುಬ್ಬಿ


ಮಾರ್ಚ್ 13

ಗುಬ್ಬಿ,

ಏನಾಯಿತು?

ಪ್ರೀತಿಯ ಅತ್ತೆಯಂತೆ, ಕ್ಷೇಮವಂತೆ. ಶಾಲೆಯಲ್ಲಿ ಪತ್ರಲೇಖನಕ್ಕೆ ಹತ್ತಕ್ಕೆ ಮೂರು ತಗೊಂಡವಳು ನೀನು, ಈ ಪತ್ರಕ್ಕೆ ಒಂಬತ್ತು ಕೊಡುತ್ತಿದ್ದರು. ಉದ್ದಕ್ಕ ಎಲ್ಲಿ? ಅವಳು ತಲೆ ತಗ್ಗಿಸಿದ್ದು, ಅವಳು ನಿನ್ನ ಗೊರಕೆ ಸಹಿಸಿದ್ದು ಎಲ್ಲವನ್ನೂ ಬರೆಯುತ್ತಿದ್ದವಳು ಈ ಸಲ ಅವಳ ಸುದ್ದಿಯನ್ನೇ ಎತ್ತಿಲ್ಲ. ನಾನು ನಿನಗೆ ಕಲಿಸಿದ ವಿದ್ಯೆಯನ್ನು ನನ್ನ ಮೇಲೇ ಪ್ರಯೋಗಿಸುತ್ತೀಯಾ? ನೀನು ಆಕಾಶ ತೋರಿಸುತ್ತಿದ್ದೀಯ, ನಾನು ಕಾಲಬುಡ ನೋಡುತ್ತಿದ್ದೇನೆ.

ಜಗಳವಾಗಿದ್ದರೆ ಜಗಳ ಅಂತ ಬರಿ. ಅವಳನ್ನು ಬಿಟ್ಟು ನಿನ್ನೊಬ್ಬಳನ್ನೇ ಆರಿಸಿದರೆ ಅದನ್ನಾದರೂ ಬರಿ. ಬೇರೆ ಏನಾದರೂ ಆಗಿದ್ದರೆ ಅದನ್ನು ಮೊದಲು ಬರಿ. ಶಿಬಿರದ ಕಚೇರಿಗೆ ಫೋನ್ ಮಾಡಿದರೆ, "ತುರ್ತು ಇದ್ರೆ ಮಾತ್ರ ಕರೀತೀವಿ, ತುರ್ತಾ?" ಅಂದರು. ಹೌದು ಅನ್ನಲು ಧೈರ್ಯ ಬರಲಿಲ್ಲ.

ಅತ್ತೆ


ಮಾರ್ಚ್ 17

ಅತ್ತೆ,

ಉದ್ದಕ್ಕನ ಕಣ್ಣಿಗೆ ಚೆಂಡು ಬಡಿಯಿತು. ಮಾರ್ಚ್ ಐದಕ್ಕೆ. ಬಲಗಣ್ಣು.

ನಾನು ಮೇಲೆ ನೋಡಿದೆ, ಚೆಂಡನ್ನು ಕೆಳಗೆ ಇಳಿಸಿದೆ. ಎದುರಿನವಳು ಈ ಸಲ ಮೋಸ ಹೋಗಲಿಲ್ಲ, ನಿಂತಲ್ಲೇ ನಿಂತಿದ್ದಳು. ಮೋಸ ಹೋದದ್ದು ನನ್ನ ಜೊತೆಯವಳು. ಬ್ಯಾಟು ಇಳಿಬಿಟ್ಟು, ಮುಖ ಮೇಲೆ ಮಾಡಿ, ಇಲ್ಲದ ಚೆಂಡನ್ನು ಹುಡುಕುತ್ತಾ ನೆಟ್ಟಿನತ್ತ ಓಡುತ್ತಿದ್ದಳು. ಎದುರಿನವಳು ಬಲವಾಗಿ ಬಾರಿಸಿದ್ದು ನೇರ ಅವಳ ಮುಖಕ್ಕೆ ಬಂತು. ಸದ್ದು ಇನ್ನೂ ಕಿವಿಯಲ್ಲಿದೆ, ಬರೆಯುವುದಿಲ್ಲ.

ಕಣ್ಣಿನ ಒಳಗೆ ರಕ್ತ ಇಳಿದಿದೆ ಅಂದರು. ತಲೆ ಎತ್ತರದಲ್ಲಿಟ್ಟು ಮಲಗಬೇಕು, ಬಗ್ಗಬಾರದು. ನಿಧಾನವಾಗಿ ಕರಗುತ್ತಿದೆ, ಇಪ್ಪತ್ತೈದಕ್ಕೆ ಇನ್ನೊಮ್ಮೆ ನೋಡುತ್ತಾರೆ. ಸೀಟಿ ಆಸ್ಪತ್ರೆಯಲ್ಲೇ ಅವಳಿಗೆ ಬೈದರು: "ಆಟ ನಡೀತಿರೋವಾಗ ಆಕಾಶ ನೋಡ್ಕೊಂಡು ಓಡ್ತಾರೇನಮ್ಮಾ? ಜೊತೆಗಾರ್ತಿ ಏನ್ ಹೊಡೀತಾಳೆ ಅಂತ ಗೊತ್ತಾಗಲ್ವಾ ನಿಂಗೆ?" ಅವಳು ಒಂದೇ ಕಣ್ಣಲ್ಲಿ ನನ್ನ ಕಡೆ ನೋಡಿ, "ನಂದೇ ತಪ್ಪು ಸರ್, ದಡ್ಡಿ ಥರ ಆಡ್ದೆ" ಅಂದಳು. ಅತ್ತೆ, ನಾನು ಅಲ್ಲೇ ನಿಂತಿದ್ದೆ.

ಈಗ ಸೀಟಿ ಅವಳನ್ನು ಮನೆಗೆ ಕಳಿಸಿ ನನಗೆ ಬೇರೆ ಜೋಡಿ ಕೊಡುತ್ತಾರಂತೆ. ಇಪ್ಪತ್ತೈದಕ್ಕೆ ನಿರ್ಧಾರ. ಹೇಳಿಬಿಟ್ಟರೆ ನನ್ನ ಜಾಗ ಹೋಗುತ್ತದೆ. ಹೇಳದಿದ್ದರೆ ಅವಳ ಜಾಗ ಹೋಗುತ್ತದೆ, ಅವಳು ತನ್ನದೇ ತಪ್ಪು ಅಂದುಕೊಂಡು ಹೋಗುತ್ತಾಳೆ. ದಿನಾ ಅವಳ ಕಣ್ಣಿಗೆ ಔಷಧಿ ಬಿಡುವವಳು ನಾನೇ. ಪ್ರತಿ ಸಲ "ಥ್ಯಾಂಕ್ಸ್ ಕಣೇ" ಅನ್ನುತ್ತಾಳೆ.

ಕಣ್ಣು ಸರಿಹೋಗಲಿ, ಆಮೇಲೆ ಹೇಳುತ್ತೇನೆ ಅಂದುಕೊಂಡಿದ್ದೇನೆ. ಅದು ಸರಿ ತಾನೇ? ಸರಿ ಅಂತ ಬರಿ.

ಗುಬ್ಬಿ


ಮಾರ್ಚ್ 21

ಗುಬ್ಬಿ,

ಸರಿಯಲ್ಲ. ಈ ಕಾಗದ ಸಿಕ್ಕ ದಿನವೇ ಹೇಳು. ಆಮೇಲೆ ಅನ್ನುವುದು ಹೇಗಿರುತ್ತದೆ ಅಂತ ನನಗೆ ಗೊತ್ತು, ನನ್ನ ಆಮೇಲೆಗೆ ಇಪ್ಪತ್ತಮೂರು ವರ್ಷ ತುಂಬಿತು.

ನಿನಗೆ ಅರ್ಧ ವಿದ್ಯೆ ಮಾತ್ರ ಕಲಿಸಿದೆ. ಉಳಿದ ಅರ್ಧ ಇದು. ಅಂಗಳದ ಮೇಲೆ ಹರಡಿರುವ ಮರಳು ಬೂಟಿಗೆ ಮೆತ್ತಿಕೊಳ್ಳುತ್ತದಲ್ಲ, ಎಲ್ಲರೂ ಬ್ಯಾಟಿನಿಂದ ತಟ್ಟಿ ಕೊಡವುತ್ತಾರೆ. ನಾನೂ ನಿನ್ನಮ್ಮನೂ ಅದನ್ನೇ ಗುರುತು ಮಾಡಿಕೊಂಡಿದ್ದೆವು. ಎದುರಿನವರು ಸರ್ವ್ ಮಾಡುವ ಮೊದಲು ನಾನು ಎಡ ಬೂಟನ್ನು ಎರಡು ಸಲ ತಟ್ಟಿದರೆ, ನನ್ನ ಕಣ್ಣನ್ನು ನಂಬಬೇಡ, ಬ್ಯಾಟು ಎತ್ತಿ ಹಿಡಿ ಅಂತ ಅರ್ಥ. ಆಗ ಅವಳು ಓಡುವ ನಾಟಕ ಮಾಡುತ್ತಿದ್ದಳು, ಎಚ್ಚರದಿಂದ. ಆದರೆ ನಾಟಕದ ಓಟಕ್ಕೂ ನಿಜದ ಓಟಕ್ಕೂ ವ್ಯತ್ಯಾಸ ಇರುತ್ತದೆ.

ಆ ದಿನ ಕೊನೆಯ ಪಂದ್ಯ. ಎದುರಿನವರು ನಮ್ಮನ್ನು ನಂಬುವುದು ಬಿಟ್ಟಿದ್ದರು. ನಿನ್ನಮ್ಮನಿಗೂ ಗೊತ್ತಿರದಿದ್ದರೆ ಅವಳ ಓಟ ನಿಜವಾಗಿರುತ್ತದೆ, ಅವರೂ ನಂಬುತ್ತಾರೆ ಅನ್ನಿಸಿತು. ಬೂಟು ತಟ್ಟಲಿಲ್ಲ. ಮರೆತದ್ದಲ್ಲ ಗುಬ್ಬಿ, ಬೇಕೆಂದೇ ತಟ್ಟಲಿಲ್ಲ. ಆಗ ನೀನು ಮೂರು ವರ್ಷದವಳು, ಗಾಜಿನ ಆಚೆ ನಿನ್ನಪ್ಪನ ಹೆಗಲ ಮೇಲೆ ಕೂತು ಚಪ್ಪಾಳೆ ಹೊಡೆಯುತ್ತಿದ್ದೆ.

ಆಸ್ಪತ್ರೆಯಲ್ಲಿ ನಿನ್ನಮ್ಮ ನನ್ನ ಕೈ ಹಿಡಿದುಕೊಂಡು ಅಂದಳು, "ನೀನು ಬೂಟು ತಟ್ಟಿದ್ದೆ ಅಲ್ವಾ, ನಾನೇ ನೋಡ್ಲಿಲ್ಲ ನೋಡು. ನಿನ್ನ ಆಟಾನೂ ಹಾಳು ಮಾಡ್ಬಿಟ್ಟೆ."

ನಾನೇನಂದೆ ಗೊತ್ತಾ? "ಇರಲಿ ಬಿಡು ಅತ್ತಿಗೆ" ಅಂದೆ. ಅವಳ ಕಣ್ಣು ಕಳೆದು, ಅವಳನ್ನೇ ಕ್ಷಮಿಸಿದೆ.

ಅಂದಿನಿಂದ ಅವಳು ನನ್ನ ಎದುರು ತಪ್ಪಿತಸ್ಥೆಯಂತೆ ಬದುಕಿದ್ದಾಳೆ. ನನಗೆ ಮೊದಲು ಬಡಿಸುತ್ತಾಳೆ, ಒಳ್ಳೆಯ ಕೋಣೆ ನನಗೆ ಬಿಟ್ಟಿದ್ದಾಳೆ. ನಾನು ಆಟ ಬಿಟ್ಟೆನೆಂದು ಎಲ್ಲರೆದುರೂ ಮರುಗುತ್ತಾಳೆ. ನೀನು ಫೆಬ್ರವರಿಯಲ್ಲಿ ಕೇಳಿದ್ದೆ, ಅಮ್ಮನಿಗೆ ಗೊತ್ತಿರುತ್ತಿತ್ತಾ ಅಂತ. ಆ ದಿನ ಯಾವ ಗಿರಾಕಿಯೂ ಬಂದಿರಲಿಲ್ಲ. ಬೂಟಿನ ಮಾತು ಬರೆದರೆ ಯಾಕೆ ಅಂತ ಕೇಳುತ್ತೀಯ ಅಂತ ಹೆದರಿದೆ. ಒಂದು ಸಾಲು ಬರೆದಿದ್ದರೆ ಆ ಹುಡುಗಿಯ ಕಣ್ಣಿಗೆ ಪೆಟ್ಟಾಗುತ್ತಿರಲಿಲ್ಲ.

ಅತ್ತೆ


ಏಪ್ರಿಲ್ 2

ಅತ್ತೆ,

ಫೋನ್ ವಾಪಸು ಕೊಟ್ಟಿದ್ದಾರೆ, ಪಕ್ಕದಲ್ಲೇ ಇದೆ. ಆದರೂ ಬರೆಯುತ್ತಿದ್ದೇನೆ. ನಿನ್ನ ದನಿ ಕೇಳಿದರೆ ಕರಗಿಬಿಡುತ್ತೇನೆ, ನಾನು ಇನ್ನೂ ಸಿಟ್ಟಿನಲ್ಲಿರಬೇಕು.

ನಿನ್ನ ಕಾಗದ ಇಪ್ಪತ್ತನಾಲ್ಕಕ್ಕೆ ಸಿಕ್ಕಿತು. ಎರಡು ಸಲ ಓದಿದೆ. ನಾನು ಚಿಕ್ಕವಳಿದ್ದಾಗ ಅಮ್ಮ ಸೂಜಿಗೆ ದಾರ ಪೋಣಿಸಲಾಗದೆ ನನ್ನನ್ನು ಕರೆಯುತ್ತಿದ್ದದ್ದು ನೆನಪಾಯಿತು. ನೀನು ಅಲ್ಲೇ ಕೂತಿರುತ್ತಿದ್ದೆ.

ಮೊದಲು ಉದ್ದಕ್ಕನಿಗೆ ಹೇಳಿದೆ. ಔಷಧಿ ಬಿಟ್ಟ ಮೇಲೆ ಕಣ್ಣು ಮುಚ್ಚಿಕೊಂಡಿದ್ದಳು, ಆಗ ಹೇಳಿದೆ. ಕಣ್ಣು ತೆರೆದು ಎದ್ದು ಕೂತಳು. ಆಮೇಲೆ, "ಅಂದ್ರೆ ನಾನು ದಡ್ಡಿ ಅಲ್ವಾ?" ಅಂದಳು. ಅಲ್ಲ ಅಂದೆ. "ಹತ್ತೊಂಬತ್ತು ದಿನ ಕಣೇ, ಅದನ್ನೇ ಯೋಚ್ನೆ ಮಾಡ್ತಾ ಇದ್ದೆ" ಅಂದು ಗೋಡೆ ಕಡೆ ತಿರುಗಿದಳು. ಎರಡು ದಿನ ಔಷಧಿಗೆ ನರ್ಸನ್ನು ಕರೆದಳು.

ಸೀಟಿಗೂ ಹೇಳಿದೆ. "ಸತ್ಯ ಹೇಳಿದ್ದಕ್ಕೆ ಇಲ್ಲಿ ಅಂಕ ಇಲ್ಲ" ಅಂದರು. ಆದರೆ ಅವಳನ್ನು ಕಳಿಸಲಿಲ್ಲ. ಇಪ್ಪತ್ತೈದಕ್ಕೆ ವೈದ್ಯರು ಕಣ್ಣು ತಿಳಿಯಾಗಿದೆ, ರಕ್ಷಣೆಯ ಕನ್ನಡಕ ಹಾಕಿಕೊಂಡು ಆಡಬಹುದು ಅಂದರು. ಇಪ್ಪತ್ತೆಂಟರ ಕೊನೆಯ ಪಂದ್ಯಕ್ಕೆ ನನ್ನ ಜೊತೆ ಆಡುತ್ತೀಯಾ ಅಂತ ಸೀಟಿ ಅವಳನ್ನೇ ಕೇಳಿದರು. ಅವಳು ಒಂದೇ ಮಾತು ಕೇಳಿದಳು, ನನ್ನನ್ನು: "ಗುರುತು ಏನು?"

ಬೂಟು ಅಂದೆ. ಎಡಗಡೆಯದು, ಎರಡು ಸಲ.

ಏಳು ಸಲ ತಟ್ಟಿದೆ ಅತ್ತೆ. ಪ್ರತಿ ಸಲವೂ ತಟ್ಟಿ ಅವಳ ಕಡೆ ತಿರುಗಿ ನೋಡಿದೆ, ಅವಳು ನೋಡಿದಳೋ ಇಲ್ಲವೋ ಅಂತ. ನಾನು ಹಾಗೆ ತಿರುಗಿ ನೋಡುವುದನ್ನೇ ಎದುರಿನವರು ಹಿಡಿದುಬಿಟ್ಟರು. ಮೂರನೇ ಸೆಟ್ಟಿನಲ್ಲಿ ಸೋತೆವು. ನಾಲ್ವರ ಪಟ್ಟಿಯಲ್ಲಿ ನಾವಿಬ್ಬರೂ ಇಲ್ಲ. ಅಳು ಬರುತ್ತದೆ ಅಂದುಕೊಂಡಿದ್ದೆ, ಬಂದೇ ಬಂತು. ಉದ್ದಕ್ಕ ತನ್ನ ಟವೆಲು ಎಸೆದು, "ನನ್ ಕಡೆ ನೋಡ್ಬೇಡ ಅಂತ ಹೇಳ್ಬೇಕಿತ್ತು ನಾನು" ಅಂದಳು. ನಾನು ನಿಜ ಹೇಳಿದ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ತಮಾಷೆ.

ಹನ್ನೆರಡಕ್ಕೆ ಅವಳ ಕಣ್ಣಿನ ಕೊನೆಯ ತಪಾಸಣೆ. ಅಲ್ಲಿಯವರೆಗೆ ಜೊತೆಗಿದ್ದು, ಹದಿನಾಲ್ಕಕ್ಕೆ ಅವಳನ್ನೂ ಕರೆದುಕೊಂಡು ಬರುತ್ತೇನೆ. ಅಷ್ಟರೊಳಗೆ ಅಮ್ಮನಿಗೆ ನೀನು ಹೇಳಿರಬೇಕು. ಹೇಳದಿದ್ದರೆ ನಾನಂತೂ ಹೇಳುವುದಿಲ್ಲ. ನಾನು ಹೇಳಿಬಿಟ್ಟರೆ ನಿನಗೆ ಸಲೀಸಾಗುತ್ತದೆ.

ಗುಬ್ಬಿ


ಏಪ್ರಿಲ್ 11

ಗುಬ್ಬಿ,

ನಿನ್ನ ಕಾಗದ ಬಂದ ಸಂಜೆಯೇ ಹೇಳಿದೆ. ಏಳನೇ ತಾರೀಕು. ಅತ್ತಿಗೆ ಗ್ರಂಥಾಲಯದ ಹರಿದ ಪುಸ್ತಕಗಳಿಗೆ ರಟ್ಟು ಅಂಟಿಸುತ್ತಾ ಕೂತಿದ್ದಳು. ಹೇಗೆ ಶುರು ಮಾಡಬೇಕೆಂದು ಅಂಗಡಿಯಲ್ಲಿ ನೂರು ಸಲ ಅಭ್ಯಾಸ ಮಾಡಿದ್ದೆ. ಎದುರು ಕೂತ ಮೇಲೆ ಒಂದೂ ಬರಲಿಲ್ಲ. "ನಾನು ಬೂಟು ತಟ್ಟಿರ್ಲಿಲ್ಲ ಅತ್ತಿಗೆ" ಅಂದೆ, ಅಷ್ಟೇ. ಯಾವ ಬೂಟು, ಯಾವಾಗ ಅಂತ ಅವಳು ಕೇಳಲಿಲ್ಲ. ಅಂಟು ಹಚ್ಚುತ್ತಿದ್ದ ಕೈ ನಿಂತಿತು.

"ಮರ್ತಿದ್ದಾ?" ಅಂತ ಕೇಳಿದಳು.

ಹೌದು ಅಂದರೆ ಮುಗಿದುಹೋಗುತ್ತಿತ್ತು ಗುಬ್ಬಿ. ಆ ಪದ ನಾಲಿಗೆಯ ತುದಿಗೇ ಬಂದಿತ್ತು. "ಇಲ್ಲ, ಬೇಕಂತ್ಲೇ" ಅಂದೆ.

ಅವಳು ಪುಸ್ತಕಕ್ಕೆ ರಟ್ಟು ಪೂರ್ತಿ ಅಂಟಿಸಿದಳು. ಭಾರ ಇಟ್ಟಳು. ಕೈ ತೊಳೆದಳು. "ಎಷ್ಟು ಸಲ ನಿನ್ ಹತ್ರ ಕ್ಷಮೆ ಕೇಳಿದೀನಿ ನಾನು, ಲೆಕ್ಕ ಇಟ್ಟಿದೀಯಾ?" ಅಂದು ಕೋಣೆಗೆ ಹೋದಳು.

ಅಂದಿನಿಂದ ಮಾತಿಲ್ಲ. ನನ್ನ ತಟ್ಟೆಗೆ ನಾನೇ ಬಡಿಸಿಕೊಳ್ಳುತ್ತೇನೆ. ಸಂಜೆ ಒಬ್ಬಳೇ ನಡೆಯಲು ಹೋಗುತ್ತಾಳೆ. ಗೇಟಿನ ಹತ್ತಿರ ನಿಂತು ಅವಳು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತೇನೆ. ಅವಳ ಎಡಗಡೆಯಿಂದ ಬರುವ ಒಂದೊಂದು ಸೈಕಲ್ಲಿಗೂ ನನ್ನ ಜೀವ ಹೋಗಿ ಬರುತ್ತದೆ. ಎಂಟನೇ ತಾರೀಕು ಎಡ ಮೊಣಕೈ ತರಚಿಕೊಂಡು ಬಂದಳು. ಹತ್ತಿ, ಔಷಧಿ ತಂದು ಮೇಜಿನ ಮೇಲಿಟ್ಟೆ. ಮುಟ್ಟಲಿಲ್ಲ. ಬೆಳಿಗ್ಗೆ ನೋಡಿದರೆ ಹತ್ತಿ ಸ್ವಲ್ಪ ಕಡಿಮೆಯಾಗಿತ್ತು. ಅಷ್ಟಕ್ಕೇ ಸಂತೋಷಪಟ್ಟೆ.

ಹದಿನಾಲ್ಕಕ್ಕೆ ಉದ್ದಕ್ಕನನ್ನು ಕರೆದುಕೊಂಡು ಬಾ. ಅವಳ ಕನ್ನಡಕದ ಚೌಕಟ್ಟು ಸಡಿಲವಾಗಿದ್ದರೆ ಸರಿ ಮಾಡಿಕೊಡುತ್ತೇನೆ, ಒಪ್ಪಿದರೆ. ಮನೆಯ ಗಾಳಿ ಹೀಗಿದೆ ಅಂತ ಮೊದಲೇ ಹೇಳಿಟ್ಟಿರು, ಹೇಳದೆ ಕರೆದುಕೊಂಡು ಬರಬೇಡ.

ಇಲ್ಲಿಗೆ ಮುಗಿಸಿ ಲಕೋಟೆಗೆ ಹಾಕಿದ್ದೆ. ಮತ್ತೆ ತೆಗೆದು ಬರೆಯುತ್ತಿದ್ದೇನೆ, ಅಕ್ಷರ ಅಂಕುಡೊಂಕಾದರೆ ಬೈಯಬೇಡ. ಈಗ ಅತ್ತಿಗೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಎಂದಿನಂತೆ ಹೊರಟುಹೋಗುತ್ತಾಳೆ ಅಂದುಕೊಂಡು ನಾನು ತಲೆ ಎತ್ತಲಿಲ್ಲ. ಹೋಗಲಿಲ್ಲ. ನನ್ನ ಕಡೆ ನೋಡದೆ, ಬೀದಿಯನ್ನೇ ನೋಡುತ್ತಾ ಅಂದಳು:

"ಬಾ. ಎಡಗಡೆಗೆ ಬಾ. ಮಾತಾಡ್ಬೇಡ."

ಹೋಗಿ ಬರುತ್ತೇನೆ.

ಅತ್ತೆ